ಈರುಳ್ಳಿ ಪೊರೆಯ ಸ್ಲೈಡ್: ಕೋಶದ ಬದಲು ಕಪ್ಪು ಉಂಗುರ, ಕೆಂಪು ಕಲೆ ಮಾತ್ರ ಕಾಣ್ತಿದೆ

ಒಂಬತ್ತನೇ ಕ್ಲಾಸ್ ಟೀಚರ್:

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಈಗ ಕೋಶದ ಪಾಠ ನಡೀತಿದೆ. ಈರುಳ್ಳಿ ಪೊರೆ ತೆಗೆದು, ಸಾಫ್ರನಿನ್ ಅನ್ನುವ ಕೆಂಪು ಬಣ್ಣ ಹಾಕಿ, ಕವರ್‌ಸ್ಲಿಪ್ (ತೆಳು ಗಾಜಿನ ಚೂರು) ಮುಚ್ಚಿ ಮಕ್ಕಳಿಗೆ ತೋರಿಸಲು ಹೊರಟರೆ ದಪ್ಪ ಅಂಚಿನ ಕಪ್ಪು ಉಂಗುರಗಳು, ಅಲ್ಲಲ್ಲಿ ಕೆಂಪು ಕಲೆ, ಇಷ್ಟೇ ಕಾಣುತ್ತಿದೆ. ಮಕ್ಕಳು ಆ ಉಂಗುರವನ್ನೇ ಕೋಶ ಅಂತ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಾರೆ. ನಮ್ಮಲ್ಲಿರುವುದು ಕನ್ನಡಿ ಇರುವ ಹಳೇ ಸೂಕ್ಷ್ಮದರ್ಶಕ, ಅದೂ ಒಂದೇ. ಬಣ್ಣ ಸರಿ ಇಲ್ಲವೋ, ಲೆನ್ಸ್ ಹಾಳಾಗಿದೆಯೋ? ದಯವಿಟ್ಟು ತಿಳಿಸಿ.

ಲ್ಯಾಬ್‌ನವ:

ಮೇಡಂ, ಆ ಕಪ್ಪು ಉಂಗುರ ಗಾಳಿಗುಳ್ಳೆ. ಲೆನ್ಸ್ ಚೆನ್ನಾಗಿದೆ ಅಂತ ಅರ್ಥ, ಇಲ್ಲದಿದ್ದರೆ ಅದೂ ಸರಿಯಾಗಿ ಕಾಣುತ್ತಿರಲಿಲ್ಲ. ಕವರ್‌ಸ್ಲಿಪ್ ಅನ್ನು ಮೇಲಿಂದ ನೇರ ಇಟ್ಟರೆ ಗಾಳಿ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಒಂದು ಅಂಚನ್ನು ನೀರಿನ ಹನಿಗೆ ತಾಗಿಸಿ. ಸುಮಾರು 45 ಡಿಗ್ರಿ ಓರೆಯಾಗಿ ಹಿಡಿದು, ಇನ್ನೊಂದು ಅಂಚನ್ನು ಸೂಜಿಯ ಮೇಲೆ ಆನಿಸಿ ನಿಧಾನವಾಗಿ ಇಳಿಸಿ. ನೀರು ಮುಂದೆ ಓಡುತ್ತಾ ಗಾಳಿಯನ್ನು ಹೊರಗೆ ತಳ್ಳುತ್ತದೆ.

ಕೆಂಪು ಕಲೆ ಹಳೇ ಬಣ್ಣದ್ದು. ಬಾಟಲಿಯಲ್ಲಿ ವರ್ಷಗಟ್ಟಲೆ ಇಟ್ಟ ಸಾಫ್ರನಿನ್ ತಳದಲ್ಲಿ ಹರಳುಗಟ್ಟುತ್ತದೆ. ಒಮ್ಮೆ ಫಿಲ್ಟರ್ ಪೇಪರಿನಲ್ಲಿ ಸೋಸಿ ಬಳಸಿ.

ಇನ್ನೊಂದು ಮಾತು. ಹೊಸ ಸ್ಲೈಡ್ ಅಂದರೆ ಚೊಕ್ಕವಾಗಿದೆ ಅಂದುಕೊಳ್ಳಬೇಡಿ, ಅದರ ಮೇಲೂ ಜಿಡ್ಡು ಇರುತ್ತದೆ. ಒಂದು ಹನಿ ನೀರು ಹಾಕಿ ನೋಡಿ. ಹನಿ ಗುಂಡಗೆ ನಿಂತರೆ ಜಿಡ್ಡಿದೆ, ಹರಡಿದರೆ ಚೊಕ್ಕ. ಸೋಪು ನೀರಿನಲ್ಲಿ ತೊಳೆದು, ಸ್ಪಿರಿಟ್ ಹಚ್ಚಿದ ಹತ್ತಿಬಟ್ಟೆಯಲ್ಲಿ ಒರೆಸಿ. ಅಂಚು ಹಿಡಿದೇ ಕೆಲಸ ಮಾಡಿ, ಬೆರಳಚ್ಚು ಬೀಳಬಾರದು.

ನಿವೃತ್ತ ಬಾಟನಿ ಮೇಷ್ಟ್ರು:

ಲ್ಯಾಬ್‌ನವರು ಹೇಳಿದ್ದೆಲ್ಲ ಸರಿ. ಆದರೆ ಬಣ್ಣದ ವಿಷಯಕ್ಕೆ ಹೋಗುವ ಮೊದಲು ಒಂದು ಮಾತು ಹೇಳಬೇಕು. ನಮ್ಮ ಶಾಲೆ ಕಾಲೇಜುಗಳಲ್ಲಿ ಸ್ಲೈಡ್ ಅಂದ ಕೂಡಲೇ ಎಲ್ಲರ ಕೈ ಬಣ್ಣದ ಬಾಟಲಿಗೆ ಹೋಗುತ್ತದೆ. ಸ್ಲೈಡ್ ಕೆಡುವುದು ಬಹುತೇಕ ಅದಕ್ಕೂ ಮೊದಲೇ. ಪೊರೆ ದಪ್ಪ, ಬೆಳಕು ಜಾಸ್ತಿ, ಇವೆರಡೇ ದೊಡ್ಡ ಕಾರಣ. ತೆಳುವಾದ ಪೊರೆ ಇದ್ದು ಬೆಳಕನ್ನು ಹದ ಮಾಡಿದರೆ ಬಣ್ಣವೇ ಇಲ್ಲದೆ ಈರುಳ್ಳಿಯ ಕೋಶ ನೋಡಬಹುದು, ಕೋಶಕೇಂದ್ರವನ್ನೂ ಸೇರಿಸಿ.

ಮೊದಲು ಪೊರೆ. ಗಟ್ಟಿಯಾದ ತಾಜಾ ಈರುಳ್ಳಿಯನ್ನು ಉದ್ದಕ್ಕೆ ನಾಲ್ಕು ಭಾಗ ಮಾಡಿ. ಒಳಗಿನ ರಸಭರಿತ ಪದರ ಒಂದನ್ನು ಬಿಡಿಸಿ. ಅದಕ್ಕೆ ಉಬ್ಬಿದ ಬದಿ, ತಗ್ಗಿನ ಬದಿ ಎರಡಿವೆ. ನಮಗೆ ಬೇಕಾದ್ದು ತಗ್ಗಿನ ಬದಿಯ ಪೊರೆ. ಅಲ್ಲಿ ಬ್ಲೇಡಿನ ತುದಿಯಿಂದ 5 ಮಿಲಿಮೀಟರಿನ ಚೌಕ ಗೀರಿ. ಜಾಸ್ತಿ ಒತ್ತಬೇಡಿ, ಪೊರೆ ಕತ್ತರಿಸಿದರೆ ಸಾಕು. ಚೌಕದ ಒಂದು ಮೂಲೆಯನ್ನು ಚಿಮಟದಲ್ಲಿ ಹಿಡಿದು ಮೆಲ್ಲಗೆ ಎತ್ತಿ. ಸುಲಭವಾಗಿ, ಪಾರದರ್ಶಕವಾಗಿ ಬಿಟ್ಟು ಬಂದರೆ ಅದು ಒಂದೇ ಕೋಶದಷ್ಟು ದಪ್ಪದ ಪೊರೆ. ಬೆಳ್ಳಗೆ ಮಂಜು ಮಂಜಾಗಿದ್ದರೆ ಕೆಳಗಿನ ತಿರುಳೂ ಅಂಟಿಕೊಂಡು ಬಂದಿದೆ. ಅದನ್ನು ಎಸೆದು ಇನ್ನೊಂದು ತೆಗೆಯಿರಿ. ಈರುಳ್ಳಿಗೇನು ಬರವಿಲ್ಲ.

ತೆಗೆದ ಪೊರೆ ಗಾಳಿಯಲ್ಲಿ ಒಂದು ಕ್ಷಣವೂ ಇರಬಾರದು, ಸುರುಳಿ ಸುತ್ತಿಕೊಳ್ಳುತ್ತದೆ. ನೇರ ವಾಚ್‌ಗ್ಲಾಸಿನ (ತಗ್ಗಾದ ಸಣ್ಣ ಗಾಜಿನ ಬಟ್ಟಲು) ನೀರಿಗೆ ಹಾಕಿ. ಅಲ್ಲಿಂದ ಸಣ್ಣ ಕುಂಚದಲ್ಲಿ ಎತ್ತಿ ಸ್ಲೈಡಿನ ಮೇಲಿರುವ ನೀರಹನಿಗೆ ಬಿಡಿ. ಒಣ ಗಾಜಿನ ಮೇಲೆ ಇಡಬೇಡಿ. ಮಡಚಿಕೊಂಡಿದ್ದರೆ ಸೂಜಿಯಿಂದ ಬಿಡಿಸಿ, ಆಮೇಲೆ ಕವರ್‌ಸ್ಲಿಪ್.

ಇನ್ನು ಬೆಳಕು. ಕನ್ನಡಿಯನ್ನು ಕಿಟಕಿಯ ಕಡೆ ತಿರುಗಿಸಿ, ಬಿಸಿಲಿನ ಕಡೆ ಖಂಡಿತ ಬೇಡ. ಸೂರ್ಯನ ನೇರ ಬೆಳಕು ಕನ್ನಡಿಗೆ ಬಿದ್ದರೆ ನೋಡುವ ಮಗುವಿನ ಕಣ್ಣಿಗೇ ಅಪಾಯ. ಸ್ಲೈಡ್ ಇಡುವ ಸ್ಟೇಜಿನ ಕೆಳಗೆ ಬೆಳಕಿನ ಕಿಂಡಿಯನ್ನು ಹಿರಿದು ಕಿರಿದು ಮಾಡುವ ಡಯಾಫ್ರಾಮ್ ಇರುತ್ತದೆ, ಅದನ್ನು ಮುಕ್ಕಾಲು ಭಾಗ ಮುಚ್ಚಿ. ನೋಟ ಸ್ವಲ್ಪ ಮಬ್ಬಾಗುತ್ತದೆ, ಆದರೆ ಕೋಶಭಿತ್ತಿಗಳ ಗೆರೆ ಎದ್ದು ಬರುತ್ತದೆ. ಬಣ್ಣವಿಲ್ಲದ ಕೋಶ ಜಾಸ್ತಿ ಬೆಳಕಿನಲ್ಲಿ ಮಾಯವಾಗಿಬಿಡುತ್ತದೆ. ಡಯಾಫ್ರಾಮನ್ನು ಮುಟ್ಟದೇ ವರ್ಷಗಟ್ಟಲೆ ಪಾಠ ಮಾಡುವ ಲ್ಯಾಬುಗಳು ಬಹಳ ಇವೆ, ನನಗೆ ಬೇಸರ ತರುವ ಸಂಗತಿ ಇದು.

ಗದಗ ಕಡೆಯವ:

ಸರ್, ಬೆಳಕಿನ ಮಾತು ಒಪ್ಪಿದೆ. ಆದರೆ ಬಣ್ಣ ಬೇಡ ಅನ್ನುವುದು ಮಕ್ಕಳ ವಿಷಯದಲ್ಲಿ ಸರಿಯಲ್ಲ ಅನಿಸುತ್ತದೆ. ಮೊದಲ ಸಲ ನೋಡುವ ಹುಡುಗನಿಗೆ ಏನು ನೋಡಬೇಕು ಅಂತಲೇ ಗೊತ್ತಿರುವುದಿಲ್ಲ. ಬಣ್ಣ ಹಾಕಿದರೆ ಕೋಶಕೇಂದ್ರ ಚುಕ್ಕಿಯಾಗಿ ಎದ್ದು ಕಾಣುತ್ತದೆ, ಅಲ್ವಾ? ನಮ್ಮ ಶಾಲೆಯಲ್ಲಿ ಸಾಫ್ರನಿನ್ ಮುಗಿದಾಗ ಔಷಧಿ ಅಂಗಡಿಯ ಟಿಂಚರ್ ಅಯೋಡಿನ್ ತಂದು ನೀರು ಬೆರೆಸಿ ಬಳಸಿದೆವು. ಉಳ್ಳಾಗಡ್ಡಿಯ ಕೋಶಕೇಂದ್ರ ಹಳದಿ ಮಿಶ್ರಿತ ಕಂದು ಬಣ್ಣಕ್ಕೆ ಚೆನ್ನಾಗಿ ಬಂತು. ಅಕ್ವೇರಿಯಂ ಅಂಗಡಿಯಲ್ಲಿ ಮೀನಿನ ರೋಗಕ್ಕೆ ಅಂತ ಕೊಡುವ ಮೆಥಿಲೀನ್ ಬ್ಲೂ ಕೂಡ ಆಗುತ್ತದೆ.

ನಿವೃತ್ತ ಬಾಟನಿ ಮೇಷ್ಟ್ರು:

ಬಣ್ಣ ಬೇಡ ಅಂದಿಲ್ಲರೀ, ಮೊದಲು ಬಣ್ಣವಿಲ್ಲದೆ ನೋಡಲಿ ಅಂದೆ. ಅದೇ ಸ್ಲೈಡಿಗೆ ಆಮೇಲೆ ಬಣ್ಣ ಬಿಡಬಹುದು, ಕವರ್‌ಸ್ಲಿಪ್ ಎತ್ತುವ ಅಗತ್ಯವೂ ಇಲ್ಲ. ಒಂದು ಅಂಚಿಗೆ ಒಂದು ಹನಿ ಅಯೋಡಿನ್ ಇಡಿ, ಎದುರಿನ ಅಂಚಿಗೆ ಬ್ಲಾಟಿಂಗ್ ಪೇಪರ್ ತಾಗಿಸಿ. ಪೇಪರ್ ನೀರನ್ನು ಹೀರಿಕೊಂಡಂತೆ ಬಣ್ಣ ಒಳಗೆ ಹರಿದು ಬರುತ್ತದೆ. ಆಗ ಮಗುವಿನ ಕಣ್ಣು ಐಪೀಸಿನಲ್ಲೇ ಇರಲಿ. ಹಳದಿ ಅಲೆಯೊಂದು ಬಂದು ಒಂದೊಂದೇ ಕೋಶಕೇಂದ್ರ ಕಾಣಿಸಿಕೊಳ್ಳುವುದನ್ನು ಅದು ತಾನೇ ನೋಡುತ್ತದೆ. ಆ ಚುಕ್ಕಿ ಬಣ್ಣದಿಂದ ಹುಟ್ಟಿದ್ದಲ್ಲ, ಮೊದಲೇ ಅಲ್ಲಿತ್ತು ಅನ್ನುವುದು ಆಗ ಪಾಠ ಮಾಡದೇ ತಿಳಿಯುತ್ತದೆ. ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಸಾಫ್ರನಿನ್ ಆದರೆ ಹೀಗೆ ಮಾಡಿದರೆ ಹೊಲಸಾಗುತ್ತದೆ, ಹಿನ್ನೆಲೆಯೆಲ್ಲ ಕೆಂಪು. ಅದನ್ನು ವಾಚ್‌ಗ್ಲಾಸಿನಲ್ಲೇ ಒಂದು ನಿಮಿಷ ಹಾಕಿ, ಬೇರೆ ನೀರಿನಲ್ಲಿ ತೊಳೆದು, ಆಮೇಲೆ ಗ್ಲಿಸರಿನ್ ಹನಿಯಲ್ಲಿ ಕೂರಿಸಬೇಕು. ತೊಳೆಯುವುದನ್ನು ಬಿಟ್ಟವರ ಸ್ಲೈಡ್ ನೋಡಿದರೆ ಗೊತ್ತಾಗುತ್ತದೆ.

ಒಂಬತ್ತನೇ ಕ್ಲಾಸ್ ಟೀಚರ್:

ಸರ್, ಡಯಾಫ್ರಾಮ್ ಮುಚ್ಚಿ ನೋಡಿದೆ. ಗೆರೆಗಳು ಸ್ಪಷ್ಟವಾಗಿ ಬಂದವು! ಬಣ್ಣ ಇನ್ನೂ ಹಾಕಿಲ್ಲ. ತುಂಬಾ ಧನ್ಯವಾದ. ಆದರೆ ಕೆಲವು ಕೋಶಗಳಲ್ಲಿ ಕೋಶಕೇಂದ್ರ ಗೋಡೆಗೆ ಅಂಟಿದಂತಿದೆ, ಇನ್ನು ಕೆಲವಲ್ಲಿ ನಡುವೆ ಇದೆ. ಯಾಕೆ ಹೀಗೆ? ಇನ್ನೊಂದು, ಒಬ್ಬ ಹುಡುಗ ಕೇಳಿದ: "ಸಸ್ಯಕೋಶ ಅಂದ್ರಿ, ಹಸಿರು ಎಲ್ಲಿ ಮಿಸ್?"

ನಿವೃತ್ತ ಬಾಟನಿ ಮೇಷ್ಟ್ರು:

ಒಳ್ಳೆ ಹುಡುಗ, ಅವನ ಪ್ರಶ್ನೆಗೆ ಕೊನೆಗೆ ಬರುತ್ತೇನೆ. ಈರುಳ್ಳಿಯ ಕೋಶದ ಬಹುಪಾಲು ಜಾಗ ರಸದಾನಿಯದ್ದು, ಅಂದರೆ ರಸ ತುಂಬಿದ ಚೀಲದ್ದು. ಕೋಶದ್ರವ್ಯ ಗೋಡೆಯ ಬದಿಗೆ ತೆಳುವಾಗಿ ಹರಡಿರುತ್ತದೆ, ಕೋಶಕೇಂದ್ರವೂ ಅದರ ಜೊತೆಗೇ ಗೋಡೆಗೆ ಸರಿದಿರುತ್ತದೆ. ಪಕ್ಕದ ಗೋಡೆಗೆ ಸರಿದಿದ್ದರೆ ಅಂಚಿನಲ್ಲಿ ಕಾಣುತ್ತದೆ, ಮೇಲಿನ ಅಥವಾ ಕೆಳಗಿನ ಗೋಡೆಗೆ ಸರಿದಿದ್ದರೆ ಮೇಲಿಂದ ನೋಡುವ ನಮಗೆ ನಡುವೆ ಇದ್ದಂತೆ ಕಾಣುತ್ತದೆ. ಸೂಕ್ಷ್ಮ ಹೊಂದಾಣಿಕೆಯ ತಿರುಪನ್ನು ಸ್ವಲ್ಪ ಆಚೀಚೆ ತಿರುಗಿಸಿದರೆ ಒಂದು ಕೋಶಕೇಂದ್ರ ಮಸುಕಾಗಿ ಇನ್ನೊಂದು ಸ್ಪಷ್ಟವಾಗುತ್ತದೆ. ಕೋಶಕ್ಕೆ ಆಳವೂ ಇದೆ, ಅದು ಪುಸ್ತಕದ ಚಿತ್ರದಷ್ಟು ಚಪ್ಪಟೆಯಲ್ಲ ಅಂತ ಮಕ್ಕಳಿಗೆ ತೋರಿಸಲು ಇದೇ ಸಮಯ. ಕೋಶಕೇಂದ್ರಕ್ಕೆ ಆ ಹೆಸರು ಕೊಟ್ಟವರು ರಾಬರ್ಟ್ ಬ್ರೌನ್, 1831ರಲ್ಲಿ, ಆರ್ಕಿಡ್ ಗಿಡಗಳನ್ನು ನೋಡುತ್ತಾ. ರಾಬರ್ಟ್ ಹುಕ್ 1665ರಲ್ಲಿ ಬೆಂಡಿನ ತೆಳು ಸೀಳಿನಲ್ಲಿ ನೋಡಿದ್ದು ಸತ್ತ ಕೋಶಗಳ ಗೋಡೆಗಳನ್ನು ಮಾತ್ರ. ನಿಮ್ಮ ಮಕ್ಕಳು ನೋಡುತ್ತಿರುವುದು ಜೀವಂತ ಕೋಶ.

ಇನ್ನು ಹಸಿರು. ಈರುಳ್ಳಿ ಗಡ್ಡೆಯ ಪದರಗಳು ಆಹಾರ ಕೂಡಿಡುವ ಎಲೆಗಳು. ಅವು ಮಣ್ಣಿನೊಳಗೆ, ಬೆಳಕಿಲ್ಲದ ಕಡೆ ಬೆಳೆಯುತ್ತವೆ. ಅಲ್ಲಿ ಕ್ಲೋರೋಪ್ಲಾಸ್ಟ್‌ಗೆ, ಅಂದರೆ ಬೆಳಕಿನಿಂದ ಆಹಾರ ತಯಾರಿಸುವ ಹಸಿರು ಬಿಲ್ಲೆಗಳಿಗೆ, ಕೆಲಸವಿಲ್ಲ. ಹಸಿರು ಬೇಕಾದರೆ ಹೈಡ್ರಿಲ್ಲಾ ಅನ್ನುವ ನೀರಿನ ಗಿಡ ತನ್ನಿ. ಎಷ್ಟೋ ಕೆರೆಗಳಲ್ಲಿದೆ, ಅಕ್ವೇರಿಯಂ ಅಂಗಡಿಯಲ್ಲೂ ಸಿಗುತ್ತದೆ. ಇದರ ಎಲೆ ನಡುನರ ಬಿಟ್ಟರೆ ಎರಡೇ ಕೋಶದಷ್ಟು ದಪ್ಪ. ಕತ್ತರಿಸುವುದೂ ಬೇಡ, ಬಣ್ಣವೂ ಬೇಡ. ತುದಿಯ ಹತ್ತಿರದ ಎಳೆ ಎಲೆಯೊಂದನ್ನು ಇಡಿಯಾಗಿ ಕಿತ್ತು ನೀರಹನಿಯಲ್ಲಿಟ್ಟು ಮುಚ್ಚಿ. ಮೊದಲು ಗಿಡವನ್ನು ಉಗುರುಬೆಚ್ಚಗಿನ ನೀರಿನಲ್ಲಿ, ಒಳ್ಳೆ ಬೆಳಕಿನಲ್ಲಿ ಸ್ವಲ್ಪ ಹೊತ್ತು ಇಟ್ಟಿರಿ. 40 ಪಟ್ಟಿನ ಲೆನ್ಸಿಗೆ ಹೋಗಿ ನಡುನರದ ಬದಿಯ ಕೋಶಗಳನ್ನು ನೋಡಿ. ಹಸಿರು ಬಿಲ್ಲೆಗಳು ಗೋಡೆಯ ಗುಂಟ ಒಂದರ ಹಿಂದೆ ಒಂದು ಸಾಗುತ್ತಿರುತ್ತವೆ. ನಡುವೆ ರಸದಾನಿ ಇರುವುದರಿಂದ ಅವು ಅಂಚು ಬಿಟ್ಟು ಹೋಗುವುದಿಲ್ಲ. ಮೊದಲ ನೋಟಕ್ಕೆ ನಿಂತಂತೆ ಕಂಡರೆ ಬಿಟ್ಟು ಏಳಬೇಡಿ, ಒಂದೇ ಕೋಶದ ಮೇಲೆ ಕಣ್ಣಿಟ್ಟು ಕಾಯಿರಿ. ಒಮ್ಮೆ ನೋಡಿದ ಮಗು ಇದನ್ನು ಮರೆಯುವುದಿಲ್ಲ.

ಗದಗ ಕಡೆಯವ:

ಕೆಂಪು ಉಳ್ಳಾಗಡ್ಡಿಯ ಉಬ್ಬಿದ ಬದಿಯ ಪೊರೆಯನ್ನೂ ಬಿಡಬೇಡಿ ಮೇಡಂ. ತೆಗೆಯುವುದು ಸ್ವಲ್ಪ ಕಷ್ಟ, ಆದರೆ ಅದರ ರಸದಾನಿಯಲ್ಲಿ ನೇರಳೆ ಬಣ್ಣ ತಾನಾಗೇ ತುಂಬಿರುತ್ತದೆ. ಮೇಷ್ಟ್ರು ಹೇಳಿದ ಬ್ಲಾಟಿಂಗ್ ಪೇಪರ್ ಉಪಾಯದಲ್ಲೇ ಉಪ್ಪುನೀರು ಬಿಡಿ. ಕೆಲವೇ ನಿಮಿಷದಲ್ಲಿ ನೇರಳೆ ಭಾಗ ಗೋಡೆ ಬಿಟ್ಟು ಕುಗ್ಗುತ್ತದೆ. ಮತ್ತೆ ಬರೀ ನೀರು ಬಿಟ್ಟರೆ ಉಬ್ಬಿಕೊಳ್ಳುತ್ತದೆ. ಪರಾಸರಣದ (ಪೊರೆ ದಾಟಿ ನೀರು ಸಾಗುವುದು, ಆಸ್ಮಾಸಿಸ್) ಪಾಠವೂ ಅಲ್ಲೇ ಆಗಿಹೋಗುತ್ತದೆ. ಉಪ್ಪುನೀರಿನಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ಕೋಶ ಸಾಯುತ್ತದೆ, ಆಮೇಲೆ ವಾಪಸ್ ಬರಲ್ಲ.

ಲ್ಯಾಬ್‌ನವ:

ಕಾಲೇಜುಗಳಲ್ಲಿ ಇದಕ್ಕೆ ರಿಯೋ ಎಲೆ ಬಳಸುತ್ತೇವೆ. ಕಾಂಪೌಂಡಿನ ಪಕ್ಕ ಅಲಂಕಾರಕ್ಕೆ ಬೆಳೆಸುವ ಗಿಡ, ಎಲೆಯ ಮೇಲೆ ಹಸಿರು, ಅಡಿಯಲ್ಲಿ ನೇರಳೆ. ಅಡಿಯ ಪೊರೆ ತೆಗೆದರೆ ನೇರಳೆ ಕೋಶಗಳ ನಡುವೆ ಪತ್ರರಂಧ್ರದ (ಎಲೆಯ ಗಾಳಿ ಕಿಂಡಿ) ಕಾವಲು ಕೋಶಗಳು ಹಸಿರಾಗಿ ಬೇರೆಯೇ ಕಾಣುತ್ತವೆ. ಬಣ್ಣದ ಖರ್ಚಿಲ್ಲ. ಎಲೆಯನ್ನು ಓರೆಯಾಗಿ ಹರಿದರೆ ಹರಿದ ಅಂಚಿನಲ್ಲಿ ಪೊರೆ ತಾನಾಗಿ ಚಾಚಿಕೊಂಡಿರುತ್ತದೆ, ಅದನ್ನೇ ಚಿಮಟದಲ್ಲಿ ಎಳೆಯಿರಿ.

ಪತ್ರೊಡೆ ಪ್ರಿಯೆ:

ನಾನು ಟೀಚರ್ ಅಲ್ಲ, ಕರಾವಳಿಯವಳು. ಮಗನಿಗೆ ಅವನ ಮಾವ ಫೋಲ್ಡ್‌ಸ್ಕೋಪ್ ಅನ್ನುವ ಕಾಗದದ ಸೂಕ್ಷ್ಮದರ್ಶಕ ಕೊಟ್ಟಿದ್ದಾರೆ. ನೀರುಳ್ಳಿ ನೋಡಿ ಮುಗಿಯಿತು. ಅಡುಗೆಮನೆಯಲ್ಲಿ ಇನ್ನೇನು ನೋಡಬಹುದು? ಕೆಸುವಿನ ಎಲೆ ಮುಟ್ಟಿದರೆ ಕೈ ತುರಿಸುತ್ತದಲ್ಲ, ಅದಕ್ಕೆ ಕಾರಣ ಸೂಕ್ಷ್ಮದರ್ಶಕದಲ್ಲಿ ಕಾಣಿಸುತ್ತದಾ ಅಂತ ಅವನ ಪ್ರಶ್ನೆ.

ನಿವೃತ್ತ ಬಾಟನಿ ಮೇಷ್ಟ್ರು:

ಕಾಣಿಸುತ್ತದಮ್ಮಾ, ಚೆನ್ನಾಗಿ ಕಾಣಿಸುತ್ತದೆ! ಫೋಲ್ಡ್‌ಸ್ಕೋಪ್ ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್ ಅವರ ತಂಡ ಮಾಡಿದ್ದು, ಸುಮಾರು 140 ಪಟ್ಟು ದೊಡ್ಡದು ಮಾಡುತ್ತದೆ. ಇದಕ್ಕೆ ಅದು ಧಾರಾಳ ಸಾಕು.

ಕೈಗೆ ಮೊದಲು ತೆಂಗಿನೆಣ್ಣೆ ಹಚ್ಚಿಕೊಳ್ಳಿ ಅಥವಾ ಗ್ಲೌಸ್ ಹಾಕಿಕೊಳ್ಳಿ. ಹುಡುಗ ಕಣ್ಣು ಬಾಯಿ ಮುಟ್ಟದಂತೆ ನೋಡಿಕೊಳ್ಳಿ. ಕೆಸುವಿನ ದಂಟನ್ನು ಕತ್ತರಿಸಿ, ಕತ್ತರಿಸಿದ ತುದಿಯನ್ನು ಸ್ಲೈಡಿನ ನೀರಹನಿಗೆ ಒತ್ತಿ ಲೋಳೆ ಬಿಡಿಸಿ. ಕವರ್‌ಸ್ಲಿಪ್ ಮುಚ್ಚಿ ಹುಡುಕಿ. ಕಡ್ಡಿಪೆಟ್ಟಿಗೆಯಲ್ಲಿ ಜೋಡಿಸಿಟ್ಟ ಕಡ್ಡಿಗಳ ಹಾಗೆ ಒಟ್ಟಾಗಿ ಮಲಗಿದ ಸೂಜಿಗಳ ಕಟ್ಟು ಸಿಗುತ್ತದೆ. ಕೆಲವು ಕಟ್ಟು ಬಿಚ್ಚಿ ಸೂಜಿಗಳು ಚೆಲ್ಲಾಪಿಲ್ಲಿ ಆಗಿರುತ್ತವೆ. ಎರಡೂ ತುದಿ ಚೂಪು. ಇವು ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳು, ರಾಫೈಡ್ ಅನ್ನುತ್ತಾರೆ. ಚರ್ಮಕ್ಕೆ, ನಾಲಿಗೆಗೆ ಚುಚ್ಚುವುದು ಇವೇ. ಸುವರ್ಣಗಡ್ಡೆಯಲ್ಲೂ ಇವೆ.

ಇನ್ನೂ ಒಂದು ಹೆಜ್ಜೆ ಹೋಗಬಹುದು. ಅಂಚಿನಿಂದ ಒಂದು ಹನಿ ವಿನೆಗರ್ ಬಿಡಿ. ಸೂಜಿಗಳಿಗೆ ಏನೂ ಆಗುವುದಿಲ್ಲ. ಆಲದ ಎಲೆಯನ್ನೋ ರಬ್ಬರ್ ಗಿಡದ ಎಲೆಯನ್ನೋ ಅಡ್ಡಕ್ಕೆ ತೆಳುವಾಗಿ ಸೀಳಿ ನೋಡಿದರೆ ಮೇಲ್ಪದರದ ದೊಡ್ಡ ಕೋಶಗಳಲ್ಲಿ ಗೊಂಚಲು ನೇತು ಬಿದ್ದಂತೆ ಹರಳು ಕಾಣುತ್ತದೆ. ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಅದಕ್ಕೆ ವಿನೆಗರ್ ತಾಗಿದರೆ ಗುಳ್ಳೆ ಬಿಡುತ್ತಾ ಕರಗುತ್ತದೆ. ಎರಡು ಹರಳು, ಒಂದೇ ಹನಿ, ಬೇರೆ ಬೇರೆ ಉತ್ತರ.

ಪತ್ರೊಡೆ ಪ್ರಿಯೆ:

ಸೂಜಿ ಸಿಕ್ಕಿತು ಸರ್! ಮಗ ಮನೆಯವರನ್ನೆಲ್ಲ ಕರೆದು ತೋರಿಸಿದ. ಆಲದ ಎಲೆ ಮಾತ್ರ ಎಷ್ಟು ಸೀಳಿದರೂ ದಪ್ಪವೇ ಬರುತ್ತಿದೆ.

ಲ್ಯಾಬ್‌ನವ:

ಅಕ್ಕಾ, ಎಲೆಯನ್ನು ಹಾಗೇ ಕೈಯಲ್ಲಿ ಹಿಡಿದರೆ ಬಾಗುತ್ತದೆ. ಒಂದು ತುಂಡು ಆಲೂಗಡ್ಡೆಯನ್ನೋ ಕ್ಯಾರೆಟನ್ನೋ ಸೀಳಿ, ಆ ಸೀಳಿನೊಳಗೆ ಎಲೆಯ ಚೂರು ಸಿಕ್ಕಿಸಿ, ಎರಡನ್ನೂ ಒಟ್ಟಿಗೆ ಕತ್ತರಿಸಿ. ಹೊಸ ಬ್ಲೇಡ್ ಬೇಕು, ಬ್ಲೇಡೂ ಎಲೆಯೂ ಒದ್ದೆ ಇರಬೇಕು. ಒತ್ತಬೇಡಿ, ನಿಮ್ಮ ಕಡೆಗೆ ಓರೆಯಾಗಿ ಎಳೆಯಿರಿ. ಇಡೀ ಅಗಲದ ಸೀಳು ಬೇಕು ಅಂತ ಹಟ ಬೇಡ. ಅಂಚಿನಲ್ಲಿ ಅರೆಬರೆ ಸಿಕ್ಕಿದ ಚೂರೇ ಎಷ್ಟೋ ಸಲ ಎಲ್ಲಕ್ಕಿಂತ ತೆಳು. ಹತ್ತಾರು ಸೀಳು ಮಾಡಿ ನೀರಿಗೆ ಬಿಡಿ, ಕಣ್ಣಿಗೆ ಹೆಚ್ಚುಕಮ್ಮಿ ಕಾಣದಂಥದ್ದನ್ನು ಕುಂಚದಲ್ಲಿ ಎತ್ತಿಕೊಳ್ಳಿ. ಬ್ಲೇಡಿನ ಕೆಲಸ ನೀವೇ ಮಾಡಿ, ಹುಡುಗನಿಗೆ ಕೊಡಬೇಡಿ.

ಪಿಯು ಬಯಾಲಜಿ:

ನನ್ನದೂ ಒಂದು ಡೌಟ್. ನಾವು ಈರುಳ್ಳಿ ಬೇರಿನ ತುದಿಯಲ್ಲಿ ಕೋಶ ವಿಭಜನೆ ನೋಡಬೇಕು. ನನ್ನ ಸ್ಲೈಡಿನಲ್ಲಿ ಬರೀ ಉದ್ದುದ್ದ ಕೋಶಗಳು, ಒಂದೂ ವಿಭಜನೆ ಇಲ್ಲ. ಅಸಿಟೋಕಾರ್ಮೈನ್ ಬಣ್ಣವೂ ತುಂಬಾ ತೆಳುವಾಗಿ ಹಿಡಿದಿದೆ.

ನಿವೃತ್ತ ಬಾಟನಿ ಮೇಷ್ಟ್ರು:

ಉದ್ದುದ್ದ ಕೋಶ ಕಂಡರೆ ನೀನು ತುದಿ ಬಿಟ್ಟು ಮೇಲಿನ ಭಾಗ ತೆಗೆದುಕೊಂಡಿದ್ದೀಯ ಮಗಳೇ. ವಿಭಜನೆ ನಡೆಯುವುದು ಕೊನೆಯ ಎರಡು ಮೂರು ಮಿಲಿಮೀಟರಿನಲ್ಲಿ. ಅಲ್ಲಿಯ ಕೋಶಗಳು ಚಿಕ್ಕವು, ಚೌಕ, ಕೋಶಕೇಂದ್ರವೇ ದೊಡ್ಡದು.

ಒಣಗಿದ ಹಳೇ ಬೇರುಗಳನ್ನು ಕತ್ತರಿಸಿ ಈರುಳ್ಳಿಯ ಬುಡ ಮಾತ್ರ ನೀರಿಗೆ ತಾಗುವಂತೆ ಲೋಟದ ಮೇಲೆ ಕೂರಿಸು. ಕೆಲವು ದಿನದಲ್ಲಿ ಎರಡು ಮೂರು ಸೆಂಟಿಮೀಟರ್ ಬೇರು ಬರುತ್ತದೆ. ಬೆಳಗ್ಗೆ 8ರಿಂದ 10ರ ಒಳಗೆ ತುದಿ ಕತ್ತರಿಸಿ, ಆಗಲೇ ಬೆರೆಸಿದ ದ್ರಾವಣಕ್ಕೆ ಹಾಕು: ಒಂದು ಪಾಲು ಅಸಿಟಿಕ್ ಆಮ್ಲ, ಮೂರು ಪಾಲು ಆಲ್ಕೋಹಾಲ್. 24 ಗಂಟೆ ಇರಲಿ. ಕೋಶಗಳು ಆ ಕ್ಷಣ ಯಾವ ಹಂತದಲ್ಲಿದ್ದವೋ ಅಲ್ಲೇ ನಿಂತುಬಿಡುತ್ತವೆ. ಆಮೇಲೆ ತೊಳೆದು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸ್ವಲ್ಪ ಬೆಚ್ಚಗೆ ಮಾಡಿದರೆ ಕೋಶಗಳ ನಡುವಿನ ಅಂಟು ಸಡಿಲವಾಗುತ್ತದೆ. ಕುದಿಸಬೇಡ. ಈ ಆಮ್ಲದ ಕೆಲಸವನ್ನು ಲೆಕ್ಚರರ್ ಎದುರಿಗೇ ಮಾಡು.

ಬಣ್ಣಕ್ಕೆ ಒಂದು ಹಳೇ ಉಪಾಯ ಇದೆ. ಅಸಿಟೋಕಾರ್ಮೈನ್ ಹನಿಯಲ್ಲಿ ಬೇರಿನ ತುದಿಯನ್ನು ಕಬ್ಬಿಣದ ಸೂಜಿಯಿಂದಲೇ ಬಿಡಿಸು, ಸ್ಟೀಲ್ ಬೇಡ. ಕಬ್ಬಿಣದ ಅಂಶ ಲೇಶ ಬಿಟ್ಟುಕೊಂಡರೂ ಕಾರ್ಮೈನ್ ಗಾಢವಾಗುತ್ತದೆ. ಜಾಸ್ತಿ ಹೊತ್ತು ಆಡಿಸಿದರೆ ಎಲ್ಲ ಕಪ್ಪಾಗುತ್ತದೆ, ಹುಷಾರು. ಕವರ್‌ಸ್ಲಿಪ್ ಮುಚ್ಚಿ, ಪೆನ್ಸಿಲಿನ ರಬ್ಬರ್ ತುದಿಯಿಂದ ಮೆಲ್ಲಗೆ ತಟ್ಟು. ಮೇಲೆ ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ನೇರ ಒತ್ತು. ಪಕ್ಕಕ್ಕೆ ಜಾರಿದರೆ ಕೋಶಗಳು ಉರುಳಿ ಹಾಳು. ಚೆನ್ನಾಗಿ ಚಪ್ಪಟೆಯಾದ ಕೋಶದಲ್ಲಿ 16 ವರ್ಣತಂತುಗಳನ್ನು ಎಣಿಸಬಹುದು. ಹೆಚ್ಚಿನ ಕೋಶಗಳು ವಿಭಜನೆಯಲ್ಲಿ ಇರುವುದಿಲ್ಲ, ಹುಡುಕಬೇಕು.

ಒಂಬತ್ತನೇ ಕ್ಲಾಸ್ ಟೀಚರ್:

ಎಷ್ಟೊಂದು ವಿಷಯ! ಒಂದೇ ಸೂಕ್ಷ್ಮದರ್ಶಕ, ಇಡೀ ಕ್ಲಾಸಿಗೆ ತೋರಿಸುವುದು ಹೇಗೆ? ವಸ್ತುಪ್ರದರ್ಶನ ಬೇರೆ ಬರುತ್ತಿದೆ. ಬೆಳಗ್ಗೆ ಮಾಡಿದ ಸ್ಲೈಡ್ ಮಧ್ಯಾಹ್ನಕ್ಕೆ ಒಣಗಿರುತ್ತದೆ.

ಗದಗ ಕಡೆಯವ:

ಸ್ಲೈಡನ್ನು ಪ್ರತಿ ಮಗುವೂ ಮಾಡಲಿ ಮೇಡಂ, ಅದಕ್ಕೆ ಸೂಕ್ಷ್ಮದರ್ಶಕ ಬೇಡವಲ್ಲ. ಗಾಳಿಗುಳ್ಳೆ ಇಲ್ಲದವನ್ನು ಆರಿಸಿ ಸ್ಟೇಜಿಗೆ ಹಾಕಿ. ಮೊಬೈಲ್ ಕ್ಯಾಮೆರಾವನ್ನು ಐಪೀಸಿನ ಮೇಲೆ ಹಿಡಿದು, ಪೂರ್ತಿ ದುಂಡಗಿನ ಬೆಳಕು ಬರುವವರೆಗೆ ಸ್ವಲ್ಪ ಹಿಂದೆ ಮುಂದೆ ಮಾಡಿ. ಆ ಫೋಟೋ ಎಲ್ಲರಿಗೂ ತೋರಿಸಿ, ಏನು ನೋಡಬೇಕು ಅಂತ ಗೊತ್ತಾದ ಮೇಲೆ ಒಬ್ಬೊಬ್ಬರೇ ಬಂದು ನೋಡಲಿ. ಸರದಿ ಬೇಗ ಸಾಗುತ್ತದೆ.

ಅಳತೆಯನ್ನೂ ಮಾಡಿಸಿ. 4 ಪಟ್ಟಿನ ಲೆನ್ಸಿನ ಕೆಳಗೆ ಪಾರದರ್ಶಕ ಸ್ಕೇಲ್ ಇಟ್ಟು ನೋಟದ ಅಗಲ ಎಷ್ಟು ಮಿಲಿಮೀಟರ್ ಅಂತ ಎಣಿಸಿ. 4.5 ಬಂತು ಅನ್ನಿ, 10 ಪಟ್ಟಿನಲ್ಲಿ ಅದು 4.5 × 4 ÷ 10, ಅಂದರೆ 1.8 ಆಗುತ್ತದೆ. ಆ ಅಗಲದಲ್ಲಿ ಉದ್ದುದ್ದಕ್ಕೆ ಆರು ಕೋಶ ಹಿಡಿದರೆ ಒಂದು ಕೋಶ ಸುಮಾರು 0.3 ಮಿಲಿಮೀಟರ್. ಗಣಿತದ ಮೇಷ್ಟ್ರಿಗೂ ಖುಷಿ.

ಲ್ಯಾಬ್‌ನವ:

40 ಪಟ್ಟಿನ ಲೆನ್ಸಿಗೆ ಹೋದ ಮೇಲೆ ದೊಡ್ಡ ತಿರುಪನ್ನು ಮುಟ್ಟಬಾರದು ಅಂತ ಮಕ್ಕಳಿಗೆ ಮೊದಲೇ ಹೇಳಿಬಿಡಿ ಮೇಡಂ. ಕವರ್‌ಸ್ಲಿಪ್ ಒಡೆಯುತ್ತದೆ, ಲೆನ್ಸಿಗೂ ಗೀರು ಬೀಳುತ್ತದೆ.

ಒಣಗದಿರಲು ನೀರಿನ ಬದಲು ಗ್ಲಿಸರಿನ್ ಬಳಸಿ, ಅರ್ಧ ನೀರು ಅರ್ಧ ಗ್ಲಿಸರಿನ್ ಆದರೂ ಸಾಕು. ಹೊರಗೆ ಬಂದದ್ದನ್ನು ಬ್ಲಾಟಿಂಗ್ ಪೇಪರಿನಲ್ಲಿ ಹೀರಿಸಿ, ನಾಲ್ಕೂ ಅಂಚಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿ. ಅಂಚು ಒದ್ದೆ ಇದ್ದರೆ ಪಾಲಿಶ್ ಹಿಡಿಯುವುದಿಲ್ಲ. ಹೀಗೆ ಮಾಡಿದ್ದು ಪ್ರದರ್ಶನದ ದಿನಗಳಿಗೆ ಆರಾಮಾಗಿ ಬರುತ್ತದೆ. ಹೈಡ್ರಿಲ್ಲಾಗೆ ಮಾತ್ರ ಗ್ಲಿಸರಿನ್ ಬೇಡ, ಕೋಶದಿಂದ ನೀರು ಎಳೆದು ಚಲನೆ ನಿಲ್ಲಿಸುತ್ತದೆ. ಅದನ್ನು ಆಗಾಗ ಹೊಸದಾಗಿ ಮಾಡಿ.

ಪಿಯು ಬಯಾಲಜಿ:

ಶಾಶ್ವತ ಸ್ಲೈಡ್ ಮಾಡುವಾಗ ಕ್ಸೈಲಿನ್ ಹಾಕಿದ ಕೂಡಲೇ ಹಾಲಿನಂತೆ ಬೆಳ್ಳಗಾಗುತ್ತದೆ ಅಂತ ನಮ್ಮ ಸೀನಿಯರ್ ಹೇಳುತ್ತಿದ್ದರು. ಯಾಕೆ ಸರ್?

ನಿವೃತ್ತ ಬಾಟನಿ ಮೇಷ್ಟ್ರು:

ನೀರು ಉಳಿದಿದೆ ಅಂತ ಅರ್ಥ. ಕ್ಸೈಲಿನ್ ನೀರಿನ ಜೊತೆ ಬೆರೆಯುವುದಿಲ್ಲ. 30, 50, 70, 90 ಶೇಕಡಾ ಆಲ್ಕೋಹಾಲಿನಲ್ಲಿ ಹಂತ ಹಂತವಾಗಿ ನೀರು ತೆಗೆಯುತ್ತಾ ಬಂದು, ಕೊನೆಗೆ ಅಪ್ಪಟ ಆಲ್ಕೋಹಾಲಿನಲ್ಲಿ ಎರಡು ಸಲ ಇಡಬೇಕು. ಬೆಳ್ಳಗಾದರೆ ಸ್ಲೈಡ್ ಎಸೆಯಬೇಡ, ಮತ್ತೆ ಅಪ್ಪಟ ಆಲ್ಕೋಹಾಲಿಗೆ ಹಾಕಿ ಇನ್ನೊಮ್ಮೆ ಕ್ಸೈಲಿನ್‌ಗೆ ತಾ. ತಿಳಿಯಾದ ಮೇಲೆ ಡಿಪಿಎಕ್ಸ್ ಅನ್ನುವ ಪಾರದರ್ಶಕ ಅಂಟು ಹಾಕಿ ಮುಚ್ಚು. ಕಿಟಕಿ ತೆರೆದಿಟ್ಟು ಮಾಡು, ಆ ಆವಿ ಒಳ್ಳೆಯದಲ್ಲ, ಬೆಂಕಿಯೂ ಬೇಗ ಹಿಡಿಯುತ್ತದೆ. ಅದಕ್ಕೇ ಮೇಡಂ, ನಿಮ್ಮ ಹೈಸ್ಕೂಲ್ ಮಕ್ಕಳಿಗೆ ಇದು ಬೇಡ, ಗ್ಲಿಸರಿನ್ ಸ್ಲೈಡೇ ಸಾಕು. ಪ್ರತಿ ಸ್ಲೈಡಿನ ಎಡಕ್ಕೆ ಸಣ್ಣ ಚೀಟಿ ಅಂಟಿಸಿ, ಗಿಡದ ಹೆಸರು, ಯಾವ ಭಾಗ, ಯಾವ ಬಣ್ಣ, ತಾರೀಕು, ಮಾಡಿದ ಮಗುವಿನ ಹೆಸರು ಬರೆಸಿ.